ಚಕ್ಕುಲಿಯ ಕೊನೆಯ ಹತ್ತು ಗಂಟೆ

ನಾಯಿಯ ಮೂಗಿಗೆ ಏನೇನು ಸಿಕ್ಕಿತು ಅಂತ ಓದಿ ಹೇಳುವುದು ನನ್ನ ಉದ್ಯೋಗ. ನಗಬೇಡಿ. ಹನ್ನೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಕಾರ್ಕಳದಿಂದ ಪಡುಬಿದ್ರಿಯವರೆಗೆ ಎಷ್ಟೋ ಮನೆಗಳ ಜಗಲಿಯಲ್ಲಿ ನಿಂತು ಓದಿದ್ದೇನೆ, ನನ್ನ ಓದು ಕೇಳಿ ಕಣ್ಣೊರೆಸಿಕೊಳ್ಳದವರು ಕಡಿಮೆ. "ತ್ರಿಶಲಕ್ಕ ಓದಿದರೆ ನಾಯಿಯೇ ಬಂದು ಮಾತಾಡಿದ ಹಾಗೆ" ಅಂತ ಜನ ಹೇಳ್ತಾರೆ. ಅದನ್ನು ಕೇಳಿ ನಾನು ಉಬ್ಬಿದ್ದೂ ಉಂಟು, ಯಾಕೆ ಸುಳ್ಳು ಹೇಳಬೇಕು?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ನಾಯಿಯ ಮೂಗಿನ ಹಿಂದೆ, ಮಿದುಳಿನ ಮುಂಭಾಗದಲ್ಲಿ, ವಾಸನೆಗೆಂದೇ ಒಂದು ಜಾಗ ಉಂಟು. ಒಂದೊಂದು ವಾಸನೆ ಬಂದಾಗಲೂ ಅಲ್ಲಿ ಒಂದೊಂದು ನಮೂನೆಯ ವಿದ್ಯುತ್ ರಂಗೋಲಿ ಏಳ್ತದೆ. ನಮ್ಮ ಮೈಯ ವಾಸನೆಗೆ ಒಂದು, ಮಳೆ ಬಿದ್ದ ಮಣ್ಣಿಗೆ ಒಂದು, ಪಕ್ಕದ ಮನೆಯ ಬೆಕ್ಕಿಗೆ ಒಂದು. ಮರಿಗೆ ಮೊದಲ ಚುಚ್ಚುಮದ್ದು ಹಾಕಿಸುವಾಗಲೇ ಅಕ್ಕಿಕಾಳಿನಷ್ಟು ದೊಡ್ಡ ಸಾಧನವೊಂದನ್ನು ಹಣೆಯ ಚರ್ಮದ ಅಡಿಗೆ ಸೇರಿಸ್ತಾರೆ. ಕಾಳು ಅಂತಲೇ ಅದರ ಹೆಸರು. ಆ ರಂಗೋಲಿಗಳನ್ನೂ ಮೂಗು ತಿರುಗಿದ ದಿಕ್ಕನ್ನೂ ಉಸಿರನ್ನೂ ಎದೆಬಡಿತವನ್ನೂ ಅದು ಬರೆದಿಡ್ತದೆ. ಪಾಪ, ಅದರಲ್ಲಿ ಜಾಗ ಕಡಿಮೆ. ಹತ್ತು ಗಂಟೆಯಷ್ಟು ಮಾತ್ರ ಹಿಡೀತದೆ, ಆಮೇಲೆ ಹಳೆಯದನ್ನು ಅಳಿಸಿ ಹೊಸದು ಬರೀತದೆ. ಎದೆ ನಿಂತ ಕೂಡಲೇ ಕಾಳೂ ನಿಲ್ತದೆ. ಹಾಗಾಗಿ ನಾಯಿ ಸತ್ತ ಮೇಲೆ ಉಳಿಯುವುದು ಅದರ ಕೊನೆಯ ಹತ್ತು ಗಂಟೆ.

ಡಾಕ್ಟರುಗಳು ಇದನ್ನು ಕಂಡುಹಿಡಿದದ್ದು ನಾಯಿಗಳ ಕಾಯಿಲೆ ಪತ್ತೆ ಮಾಡಲಿಕ್ಕೆ. ಆದರೆ ನಮ್ಮ ಜನ ಬಿಡ್ತಾರಾ? ಸತ್ತ ನಾಯಿಯ ಕಾಳು ತೆಗೆಸಿ, ಹನ್ನೊಂದನೇ ದಿನ ನೆಂಟರನ್ನು ಕರೆದು, ಫೋಟೋಕ್ಕೆ ಹೂ ಹಾಕಿ, ದೀಪ ಹಚ್ಚಿ, ಓದುಗಾರ್ತಿಯ ಕೈಯಲ್ಲಿ ಆ ಹತ್ತು ಗಂಟೆಯನ್ನು ಓದಿಸಿ, ಊಟ ಹಾಕುವುದು ಒಂದು ಕ್ರಮವೇ ಆಗಿಹೋಯಿತು. ಎಲ್ಲರೂ ಕಾಯುವುದು ಒಂದೇ ಮಾತಿಗೆ: ನಮ್ಮ ನಾಯಿ ಕೊನೆಗೆ ಯಾರನ್ನು ಹುಡುಕಿತು?

ಕಾಳು ಬರೆದದ್ದನ್ನು ಯಂತ್ರ ಕಾಗದಕ್ಕೆ ಇಳಿಸಿ ಕೊಡುವ ಪಟದಲ್ಲಿ ಅದು ಚೆನ್ನಾಗಿಯೇ ಕಾಣ್ತದೆ. ಸುಮ್ಮನೆ ಮಲಗಿದ ನಾಯಿ ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡಿದರೆ, ಏನನ್ನೋ ಹುಡುಕುವ ನಾಯಿ ಸೆಕೆಂಡಿಗೆ ಐದಾರು ಸಲ ಮೂಸ್ತದೆ. ಉಸಿರಿನ ಗೆರೆ ಅಲ್ಲಿ ಗುಡ್ಡದ ಹಾಗೆ ಏಳ್ತದೆ. ನಾವು ಅದಕ್ಕೆ ಹುಡುಕುಸಿರು ಅಂತ ಹೇಳುವುದು. ಗುಡ್ಡದ ಕೆಳಗೆ ಯಾವ ವಾಸನೆ ಬರೆದುಕೊಂಡಿದೆಯೋ ಅದೇ ಉತ್ತರ.

ಆದರೆ ಆ ಉತ್ತರ ಯಾವಾಗಲೂ ಮನೆಯವರಿಗೆ ಬೇಕಾದ ಹಾಗೆ ಇರುವುದಿಲ್ಲ ಮಾರಾಯ್ರೆ. ಒಬ್ಬ ಲಾರಿ ಡ್ರೈವರ್, ಏಳು ವರ್ಷ ನಾಯಿಯನ್ನು ಮಗನ ಹಾಗೆ ಸಾಕಿದವನು. ಅವನ ನಾಯಿ ಕೊನೆಗೆ ಹುಡುಕಿದ್ದು ಅವನನ್ನು ಬಿಟ್ಟುಹೋದ ಹೆಂಡತಿಯ ಹಳೆಯ ಚಪ್ಪಲಿಯನ್ನು. ಆ ಮನುಷ್ಯನ ಮುಖ ನೋಡಿಕೊಂಡು ನಾನು ಅದನ್ನು ಹೇಳಬೇಕಿತ್ತಾ? ಹೇಳಲಿಲ್ಲ. "ಕೊನೆಗೆ ಹುಡುಕಿದ್ದು ನಿಮ್ಮ ವಾಸನೆಯನ್ನೇ" ಅಂದೆ. ಅವನು ನನ್ನ ಕಾಲಿಗೆ ಬಿದ್ದ. ಅಲ್ಲಿಂದ ಶುರುವಾದ ಚಾಳಿ. ಎಲ್ಲ ಮನೆಯಲ್ಲೂ ಅದೇ ವಾಕ್ಯ. ನಾನು ಅದಕ್ಕೆ ಸಕ್ಕರೆ ಅಂತ ಹೆಸರಿಟ್ಟಿದ್ದೆ. ಕಾಳು ಓದುವ ನಮ್ಮ ಕೇಂದ್ರಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ರಮ್ಲತ್‌ಗೂ ಅದನ್ನೇ ಕಲಿಸಿದೆ. "ಯಂತ್ರ ಬೇರೆ, ಮನೆ ಬೇರೆ. ಒಂದು ಚಮಚ ಸಕ್ಕರೆ ಹಾಕಿದರೆ ಯಾರದ್ದೂ ಗಂಟು ಹೋಗುವುದಿಲ್ಲ" ಅಂತ.

ನನ್ನದೇ ಗಂಟು ಹೋಗ್ತದೆ ಅಂತ ಆಗ ನನಗೆಲ್ಲಿ ಗೊತ್ತಿತ್ತು.

*

ಚಕ್ಕುಲಿ ಅಂದರೆ ನಮ್ಮ ನಾಯಿ. ಬಾಲ ಎರಡು ಸುತ್ತು ಸುರುಳಿ, ಅದಕ್ಕೆ ಆ ಹೆಸರು. ಜಾತಿ ನಾಯಿಯಲ್ಲ, ಬೀದಿಯದ್ದೇ. ಹದಿನಾಲ್ಕು ವರ್ಷ ನಮ್ಮ ಜೊತೆ ಇದ್ದ. ನಮಗೆ ಮಕ್ಕಳಿಲ್ಲ. ನಾನು, ನನ್ನ ಗಂಡ ನೇಮಿರಾಜ, ಅತ್ತೆ ಮರುದೇವಿಯಮ್ಮ, ಚಕ್ಕುಲಿ: ಇಷ್ಟೇ ಮನೆ. ನಮ್ಮದು ಜೈನರ ಮನೆ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಕೂಡ ಒಳಗೆ ಬರುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಚಕ್ಕುಲಿಗೂ ಅದೇ ಕಾನೂನು. ಅನ್ನ, ಮೊಸರು, ಸೊಪ್ಪುಕಾಳಿನಿಂದ ಮಾಡಿದ ಆ ಹಸಿರು ಗುಳಿಗೆ. ನಾಯಿಗೆ ಬೇಕಾದದ್ದೆಲ್ಲ ಅದರಲ್ಲಿ ಉಂಟು ಅಂತ ಡಬ್ಬಿಯ ಮೇಲೆ ಬರೆದಿತ್ತು. ಎರಡೂ ಹೊತ್ತು ತಟ್ಟೆಯನ್ನು ಮೂಸಿ, ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು ತಿನ್ನುತ್ತಿದ್ದ.

ಹೋದ ವರ್ಷದಿಂದ ಅವನ ಹೃದಯ ಸೋತಿತ್ತು. ಮಾತ್ರೆ ನಡೀತಾ ಇತ್ತು. ಆ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಗೇಟಿನ ಹತ್ತಿರ ಅಡ್ಡ ಬಂದು ನಿಂತ. ಕುಂಯ್ ಕುಂಯ್ ಅಂತ ಒಂದೇ ರಾಗ. ಸೆರಗು ಬಾಯಿಯಲ್ಲಿ ಹಿಡಿದು ಎಳೆದ. ಎಂಟೂ ಮುಕ್ಕಾಲರ ಬಸ್ಸು ಮೂಲೆಗೆ ಬಂದು ಹಾರ್ನ್ ಹಾಕ್ತಾ ಇತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಎಲ್ಲರಿಗೂ ಗೊತ್ತುಂಟು. "ಹೋಗಾ ಆಚೆ, ನಿನ್ನದೊಂದು ರಗಳೆ!" ಅಂತ ಕಾಲಿನಲ್ಲಿ ದೂಡಿ, ಗೇಟು ಎಳೆದುಕೊಂಡು ಓಡಿದೆ.

ನಾಲ್ಕು ಗಂಟೆಗೆ ಬಂದಾಗ ಹಿತ್ತಿಲ ಮೆಟ್ಟಿಲಲ್ಲಿ ಮಲಗಿದ್ದ. ಮೈ ತಣ್ಣಗಾಗಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರು. "ಮಲಗಿದ್ದಾನೆ ಅಂತ ತಿಳಿದೆ ಮಗಾ, ಆಮೇಲೆ ನೋಡಿದರೆ ಇಲ್ಲ" ಅಂದರು. ಅಷ್ಟು ಹೇಳಿ ಬಾಯಿ ಮುಚ್ಚಿದವರು ಮತ್ತೆ ಆ ವಿಷಯ ಎತ್ತಲೇ ಇಲ್ಲ.

ನುಗ್ಗೆಮರದ ಬುಡದಲ್ಲಿ ಹೂಳುವಾಗಲೂ ನನ್ನ ತಲೆಯಲ್ಲಿ ಒಂದೇ. ಅವನಿಗೆ ಗೊತ್ತಾಗಿತ್ತು. ಇವತ್ತು ಹೋಗಬೇಡ ಅಂತ ಹೇಳಲಿಕ್ಕೆ ಸೆರಗು ಎಳೆದ. ನಾನು ಒದ್ದು ಹೋದೆ. ದೂಡಿದ್ದೋ ಒದ್ದದ್ದೋ, ಅವನಿಗೆ ಎರಡೂ ಒಂದೇ. ಆಮೇಲೆ ಆ ಮುದಿ ಜೀವ ನನ್ನನ್ನು ಹುಡುಕಿ ಹುಡುಕಿ, ಒಬ್ಬನೇ, ಎದೆ ಒಡೆದು ಸತ್ತಿರಬೇಕು. ಆ ಹೊತ್ತಿಗೆ ನಾನೇನು ಮಾಡ್ತಾ ಇದ್ದೆ? ಬೇರೆ ಯಾರದ್ದೋ ಮನೆಯಲ್ಲಿ ಬೇರೆ ಯಾವುದೋ ನಾಯಿಗೆ ಸಕ್ಕರೆ ಬೆರೆಸ್ತಾ ಇದ್ದೆ. ಅವತ್ತಿನಿಂದ ಊಟಕ್ಕೆ ಕೂತರೂ ಎರಡು ತುತ್ತಿಗೇ ಎದ್ದುಬಿಡ್ತಾ ಇದ್ದೆ.

*

ತನ್ನ ಮನೆಯ ಪ್ರಾಣಿಯ ಕಾಳನ್ನು ತಾನೇ ಓದುವ ಹಾಗಿಲ್ಲ, ಅದು ನಮ್ಮ ಕೇಂದ್ರದ ನಿಯಮ. ಹೂಳುವ ಮೊದಲೇ ತೆಗೆಸಿಟ್ಟಿದ್ದ ಚಕ್ಕುಲಿಯ ಕಾಳು ರಮ್ಲತ್‌ಳ ಕೈಗೆ ಹೋಯಿತು.

ಯಂತ್ರದ ಕೋಣೆಯಲ್ಲಿ ಅವಳು ಕಾಳನ್ನು ಗಾಜಿನ ಬಟ್ಟಲಿಗೆ ಹಾಕುವಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಅಕ್ಕ, ನೀವು ಹೊರಗೆ ಕೂತುಕೊಳ್ಳಿ. ನಿಮಗೆ ನಾನು ಹೇಳಬೇಕಾ?" ಅಂದಳು.

"ನಾನೆಂತ ಮುಟ್ಟುವುದಿಲ್ಲ. ನೋಡ್ತೇನೆ ಅಷ್ಟೇ."

"ನೋಡುವ ಹಾಗೂ ಇಲ್ಲ ಅಲ್ವಾ?"

ಅಷ್ಟರಲ್ಲಿ ಪರದೆಯ ಮೇಲೆ ಉಸಿರಿನ ಗೆರೆ ಬಂದೇ ಬಂತು. ವಾಸನೆಗಳ ಹೆಸರು ಗೊತ್ತಾಗಲಿಕ್ಕೆ ಮೂರು ನಾಲ್ಕು ದಿನ ಬೇಕು. ಮನೆಯವರ ಬಟ್ಟೆ ತರಿಸಿ, ನಮ್ಮ ಭಂಡಾರದಲ್ಲಿರುವ ಸಾವಿರಾರು ವಾಸನೆಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕಲ್ಲ. ಆದರೆ ಉಸಿರಿಗೆ ಅದೆಲ್ಲ ಬೇಡ, ಮೊದಲೇ ಬಂದುಬಿಡ್ತದೆ. ನಾನು ನೋಡಿದೆ. ಎರಡು ಗುಡ್ಡ. ಒಂದು ಎಂಟೂವರೆಯಿಂದ ಎಂಟೂ ಮುಕ್ಕಾಲರವರೆಗೆ, ಅಂದರೆ ನಾನು ಗೇಟಿನಲ್ಲಿ ಇದ್ದಾಗ. ಇನ್ನೊಂದು ಹತ್ತೂ ಐವತ್ತಕ್ಕೆ, ಅದರ ಎರಡರಷ್ಟು ಎತ್ತರ. ಅಂಥ ಹುಡುಕುಸಿರನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ಹನ್ನೆರಡೂ ಐವತ್ತೆರಡಕ್ಕೆ ಗೆರೆ ಮುಗಿದಿತ್ತು.

ರಮ್ಲತ್ ಪರದೆ ಆರಿಸಿದಳು. ನನ್ನ ಕೈ ಹಿಡಿದು ಬೆಂಚಿನಲ್ಲಿ ಕೂರಿಸಿದಳು.

"ಯಾರನ್ನು ಹುಡುಕಿದ್ದು ಅಂತ ಇನ್ನೂ ಗೊತ್ತಿಲ್ಲ ಅಕ್ಕ. ಸುಮ್ಮನೆ ಹೆದರಬೇಡಿ."

"ನಾನಲ್ಲದೆ ಇನ್ನು ಯಾರು? ಇವರು ಬೆಳಿಗ್ಗೆ ಏಳಕ್ಕೇ ಕಾಲೇಜಿಗೆ ಹೋಗಿದ್ದರು, ಆಗ ಗುಡ್ಡ ಎದ್ದಿಲ್ಲ. ಅತ್ತೆ ಮನೆಯಲ್ಲೇ ಇದ್ದರು. ಉಳಿದವಳು ನಾನೊಬ್ಬಳು." ನಾನು ಅವಳ ಮುಖವನ್ನೇ ನೋಡಿದೆ. "ರಮ್ಲತ್, ಓದುವ ದಿನ ನನಗೆ ನಿಜ ಹೇಳ್ತಿಯಾ?"

"ನಿಮಗೆ ಸುಳ್ಳು ಹೇಳ್ತೇನಾ?"

"ಹೇಳ್ತಿ. ಕಲಿಸಿದವಳು ನಾನು."

ನನ್ನ ಕಷ್ಟ ನೋಡಿ. ನನಗೆ ಯಾರು ಸಮಾಧಾನ ಹೇಳಿದರೂ ನಾನು ನಂಬುವ ಹಾಗಿರಲಿಲ್ಲ. ನಿಜವಾಗಿ ಒಳ್ಳೆಯದೇ ಬಂದಿದ್ದರೂ ಅದು ಸಕ್ಕರೆ ಅಂತಲೇ ಅನ್ನಿಸ್ತದೆ. ಆ ಲಾರಿ ಡ್ರೈವರನಿಗೆ ಆ ದಿನ ನಿದ್ದೆ ಬಂದಿರಬಹುದು. ನನಗೆ ಬರುವುದಿಲ್ಲ.

*

ಮನೆಯಲ್ಲಿ ಇವರು ತಯಾರಿಗೆ ನಿಂತರು. ನೇಮಿರಾಜರು ಕಾಲೇಜಿನಲ್ಲಿ ಗಣಿತ ಹೇಳುವವರು, ಎಲ್ಲದಕ್ಕೂ ಪಟ್ಟಿ ಬೇಕು. ಯಾರ್ಯಾರನ್ನು ಕರೆಯುವುದು, ಎಷ್ಟು ಎಲೆ, ಪಾಯಸ ಯಾವುದು. ನನಗೆ ಒಂದಕ್ಕೂ ಮನಸ್ಸಿರಲಿಲ್ಲ.

"ಬೇಡವೇ ಬೇಡ. ಯಾರನ್ನೂ ಕರೆಯುವುದು ಬೇಡ, ಓದು ಬೇಡ" ಅಂದೆ ಒಂದು ದಿನ.

"ಎಂತ ಮಾತು ಇದು? ಊರಿನ ನಾಯಿಗಳಿಗೆಲ್ಲ ಓದಿದವಳು ನೀನು. ನಮ್ಮ ಚಕ್ಕುಲಿಗೆ ಇಲ್ಲವಾ?" ಅಂದರು. ಆಮೇಲೆ ಮೆಲ್ಲ ಕೇಳಿದರು, "ಯಾಕೆ ಹೆದರ್ತಿ ತ್ರಿಶಲಾ?"

ಹೇಳಿದೆ. ಕಾಲಿನಲ್ಲಿ ದೂಡಿದ್ದನ್ನು, ಎರಡು ಗುಡ್ಡವನ್ನು, ಎಲ್ಲ. ಅವರು ನನ್ನ ಬೆನ್ನು ಸವರುತ್ತಾ ಕೂತರು. ಒಳ್ಳೆಯ ಮನುಷ್ಯ, ಆದರೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ.

ಅತ್ತೆಯದ್ದು ಇನ್ನೊಂದು ರಗಳೆ. ತಾಳೆ ನೋಡಲಿಕ್ಕೆ ಎಲ್ಲರದ್ದೂ ಉಟ್ಟ ಬಟ್ಟೆ ಕೊಡಬೇಕು. ಇವರ ಅಂಗಿ, ನನ್ನ ಸೀರೆ ಚೀಲಕ್ಕೆ ಹಾಕಿ ಅತ್ತೆಯ ಹತ್ತಿರ ಹೋದರೆ, "ನನ್ನದೆಂತಕ್ಕೆ?" ಅಂದರು.

"ಕ್ರಮ ಅತ್ತೆ. ಮನೆಯವರದ್ದೆಲ್ಲ ಬೇಕು."

"ನಾನು ಮುದುಕಿ. ನನ್ನ ವಾಸನೆ ಕಟ್ಟಿಕೊಂಡು ಯಂತ್ರಕ್ಕೆ ಏನಾಗಬೇಕು? ಬೇಡ ಬೇಡ."

ಮಡಿ ಮೈಲಿಗೆಯ ವಿಷಯ ಇರಬೇಕು ಅಂತ ತಿಳಿದೆ. ಬಸದಿಗೆ ದಿನಾ ಹೋಗುವವರು, ಇರುವೆ ತುಳಿದೀತು ಅಂತ ನೋಡಿ ನೋಡಿ ಹೆಜ್ಜೆ ಇಡುವವರು. ಕೊನೆಗೆ ಒಗೆಯಲು ಹಾಕಿದ ರಾಶಿಯಿಂದ ನಾನೇ ಒಂದು ಸೀರೆ ಎತ್ತಿ ಕೊಟ್ಟೆ. ಅವರಿಗೆ ಹೇಳಲಿಲ್ಲ.

*

ಹನ್ನೊಂದನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಜಗಲಿ ತುಂಬಿತ್ತು. ಗೋಡೆಗೆ ಒರಗಿಸಿ ಚಕ್ಕುಲಿಯ ಫೋಟೋ, ಅದಕ್ಕೆ ಅಬ್ಬಲಿಗೆ ಮಾಲೆ. ಇವರ ದೊಡ್ಡಪ್ಪ ಧರಣಪ್ಪನವರು ಊರುಗೋಲು ಹಿಡಿದು ಮುಂದಿನ ಕುರ್ಚಿಯಲ್ಲಿ. ಅವರೆಂದರೆ ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಒಂದು ಹೆದರಿಕೆ. ಹೋಟೆಲಿನ ನೀರನ್ನೂ ಮುಟ್ಟದವರು. ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಸೆವ್ರಿನ್ ಬಾಯಿ ಕಪ್ಪು ಸೀರೆ ಉಟ್ಟು, ಕರ್ಚೀಫು ಮೂಗಿಗೆ ಹಿಡಿದು ಕೂತಿದ್ದರು. ಅವರು ಯಾಕೆ ಇಷ್ಟೊಂದು ಅಳ್ತಾರೆ ಅಂತ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಎಲ್ಲರೂ ಸೇರಿ ಪಂಚನಮಸ್ಕಾರ ಮಂತ್ರ ಹೇಳಿದರು. ರಮ್ಲತ್ ಎದ್ದು ನಿಂತಳು, ಕೈಯಲ್ಲಿ ಪಟದ ಸುರುಳಿ.

ಮೊದಮೊದಲು ಚೆನ್ನಾಗಿಯೇ ಓದಿದಳು. ಬೆಳಗಿನ ಜಾವ ಹಾಸಿಗೆಯ ಕಾಲಡಿಯಲ್ಲಿ ಮಲಗಿದ್ದು, ಐದೂವರೆಗೆ ಇವರು ಎದ್ದದ್ದು, ದೇವರಕೋಣೆಯ ಊದುಬತ್ತಿ, ದೋಸೆಯ ತುಪ್ಪ. ನಾಲ್ಕೈದು ಜನ ಮೂಗೆಳೆದರು. ಎಂಟೂವರೆಗೆ ಬಂದಳು. ಅವಳ ಸ್ವರ ತಡವರಿಸಿತು. ಸುರುಳಿಯನ್ನು ಗಬಗಬ ಬಿಚ್ಚಿ ಕೊನೆಗೆ ಹೋದಳು.

"ಆಮೇಲೆ... ಆಮೇಲೆ ಸ್ವಲ್ಪ ಹೊತ್ತು ಆಟ. ಮಧ್ಯಾಹ್ನ ನಿದ್ದೆ. ಕೊನೆಗೆ ಹುಡುಕಿದ್ದು ನಿಮ್ಮ ವಾಸನೆಯನ್ನೇ, ತ್ರಿಶಲಕ್ಕ."

ನನ್ನ ಮೈಯೆಲ್ಲ ಉರಿಯಿತು. "ಅದು ನನ್ನ ವಾಕ್ಯ!" ಅಂತ ಬೊಬ್ಬೆ ಹಾಕಿದೆ. ನೆಂಟರೆಲ್ಲ ಬೆಚ್ಚಿಬಿದ್ದರು. "ನನ್ನದೇ ವಾಕ್ಯವನ್ನು ನನಗೇ ಹೇಳ್ತಿಯಾ? ಕೊಡು ಇಲ್ಲಿ!"

"ಬೇಡ ಅಕ್ಕ, ನಿಮ್ಮ ದಮ್ಮಯ್ಯ. ಇಲ್ಲಿ ಬೇಡ. ಒಳಗೆ ಹೋಗಿ ನೋಡುವ."

"ಕೊಡು ಅಂದೆನಲ್ಲ!"

ಕಿತ್ತುಕೊಂಡೆ. ನಿಯಮ ಮಣ್ಣು ಮಸಿ ಅಂತ ಯಾರು ನೋಡ್ತಾರೆ ಆ ಹೊತ್ತಿನಲ್ಲಿ? ಪಟ ಕೈಗೆ ಬಂದರೆ ನನ್ನ ಬಾಯಿ ತನ್ನಷ್ಟಕ್ಕೆ ಓದ್ತದೆ, ಹನ್ನೆರಡು ವರ್ಷದ ಅಭ್ಯಾಸ. ದೊಡ್ಡ ಸ್ವರದಲ್ಲಿ ಶುರು ಮಾಡಿಯೇಬಿಟ್ಟೆ.

"ಎಂಟೂವರೆ, ಹುಡುಕುಸಿರು. ದಿಕ್ಕು, ಗೇಟಿನ ಹೊರಗೆ. ವಾಸನೆ..." ಕಣ್ಣು ಉಜ್ಜಿಕೊಂಡೆ. "ವಾಸನೆ, ಬೂತಾಯಿ. ಹಸಿ. ಮಂಜುಗಡ್ಡೆಯ ಜೊತೆ."

ಮೀನಿನ ಗಾಡಿ! ದಿನಾ ಅದೇ ಹೊತ್ತಿಗೆ ನಮ್ಮ ಮೂಲೆಯಲ್ಲಿ ನಿಲ್ಲುವುದು. ಬಸ್ಸಿನ ಹಾರ್ನ್ ಕೇಳುವ ಮೊದಲೇ ಅದರ ಪೋಂ ಪೋಂ. ಚಕ್ಕುಲಿ ಸೆರಗು ಎಳೆದದ್ದು ಹೋಗಬೇಡ ಅಂತ ಅಲ್ಲ. ಗೇಟಿಗೆ ಅಡ್ಡ ನಿಂತದ್ದು ನಾನು. ಆಚೆ ಸರಿ ಅಂತ ಅವನು ನನಗೆ ಹೇಳಿದ್ದು!

ನಿಲ್ಲಿಸಬೇಕಿತ್ತು. ನಿಲ್ಲಿಸಲಿಕ್ಕೆ ಆಗಲಿಲ್ಲ. "ಹತ್ತೂ ಐವತ್ತು. ದೊಡ್ಡ ಹುಡುಕುಸಿರು. ಬೂತಾಯಿ, ಮೆಣಸು ಅರೆದು ಹಚ್ಚಿದ್ದು, ತೆಂಗಿನೆಣ್ಣೆಯಲ್ಲಿ ಕಾಯ್ತಾ ಇರುವುದು. ಹಿತ್ತಿಲ ಗೇಟು. ಗೇಟಿನ ಚಿಲಕದಲ್ಲಿ ಮನೆಯವರ ವಾಸನೆ, ಹೊಸದು. ಆ ವಾಸನೆ..."

ಪಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅತ್ತೆ.

"ಓದು" ಅಂದರು ಅತ್ತೆ. ಗೋಡೆ ಹಿಡಿದು ಎದ್ದು ನಿಂತಿದ್ದರು. ಎಪ್ಪತ್ತೆಂಟರ ಜೀವ. "ಓದು ತ್ರಿಶಲಾ. ನಾನೇ. ಮೂರು ವರ್ಷದಿಂದ ದಿನಾ ನಾನೇ ಗೇಟು ತೆಗೆದದ್ದು."

ಹಿಂದಿನ ಸಾಲಿನಿಂದ ಸೆವ್ರಿನ್ ಬಾಯಿ ದೊಡ್ಡದಾಗಿ ಅಳುತ್ತಾ ಎದ್ದರು. "ಜೆಜು! ಅವರನ್ನು ಎಂತ ಹೇಳಬೇಡಿ. ಕೊಟ್ಟದ್ದು ನಾನು. ದಿನಕ್ಕೆ ಎರಡೇ ಎರಡು, ಮುಳ್ಳು ತೆಗೆದು ಕೊಡ್ತಾ ಇದ್ದೆ. ಎಷ್ಟು ಮರ್ಯಾದೆಯ ನಾಯಿ ಗೊತ್ತುಂಟಾ, ತಿಂದ ಮೇಲೆ ನನ್ನ ಕೈ ನೆಕ್ಕದೆ ಹೋದವನಲ್ಲ."

ಅತ್ತೆ ನನ್ನನ್ನೇ ನೋಡ್ತಾ ಇದ್ದರು. "ಅವನು ಸೊರಗಿ ಸೊರಗಿ ಹೋಗಿದ್ದ. ಆ ಹಸಿರು ಗುಳಿಗೆ ಮೂಸಿ ನಿನ್ನ ಮುಖ ನೋಡುವುದನ್ನು ನನಗೆ ನೋಡಲಿಕ್ಕೆ ಆಗ್ತಾ ಇರಲಿಲ್ಲ. ಒಂದು ದಿನ ಬೇಲಿ ನುಸುಳಿ ಸೆವ್ರಿನ್ ಬಾಯಿಯ ಮನೆಗೆ ಹೋದ. ಬರುವಾಗ ಬಾಲ ಎತ್ತಿಕೊಂಡು ಬಂದ. ಮರಿಯಾಗಿದ್ದಾಗ ಹೇಗೆ ಓಡ್ತಾ ಇದ್ದ, ಹಾಗೆ. ಮರುದಿನ ನಾನೇ ಗೇಟು ತೆಗೆದೆ. ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಆದರೂ ತಪ್ಪು ತಪ್ಪೇ. ಅದಕ್ಕೇ ಪ್ರಾಯಶ್ಚಿತ್ತ ಅಂತ ಮಧ್ಯಾಹ್ನದ ಕಾಫಿ ಬಿಟ್ಟೆ. ನೀವು ಬರುವ ಮೊದಲು ದಿನಾ ಅವನ ಬಾಯಿಗೆ ಕಡ್ಲೆಹಿಟ್ಟು ಹಚ್ಚಿ ತೊಳೀತಾ ಇದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತೂ ತೊಳೆದೆ. ಜೀವ ಹೋಗಿದೆ ಅಂತ ಗೊತ್ತಾದ ಮೇಲೆ ತೊಳೆದೆ. ನನ್ನ ಮೀನಿನಿಂದಲೇ ಸತ್ತನೋ ಏನೋ, ಮುಳ್ಳು ಸಿಕ್ಕಿತೋ ಏನೋ ಅಂತ ಹನ್ನೊಂದು ದಿನ ಕಣ್ಣು ಮುಚ್ಚಲಿಲ್ಲ. ನಿನ್ನ ಮುಖ ನೋಡಿ ಹೇಳಲಿಕ್ಕೆ ಬಾಯಿ ಬರಲಿಲ್ಲ ಮಗಾ."

ನಾನು ಇಷ್ಟು ದಿನ ಈ ಮನೆಯಲ್ಲಿ ನಿದ್ದೆ ಇಲ್ಲದವಳು ನಾನೊಬ್ಬಳೇ ಅಂತ ತಿಳಿದಿದ್ದೆ, ನೋಡಿ.

ಎಲ್ಲರ ಕಣ್ಣು ಈಗ ಧರಣಪ್ಪ ದೊಡ್ಡಪ್ಪನ ಮೇಲೆ. ಅವರು ಊರುಗೋಲಿನ ಮೇಲೆ ಗಲ್ಲ ಊರಿ ಫೋಟೋವನ್ನು ನೋಡ್ತಾ ಕೂತಿದ್ದರು.

"ವ್ರತ ಹಿಡಿದದ್ದು ನಾವು. ಅವನು ಯಾವಾಗ ಹಿಡಿದ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಪೂರ್ತಿ ಓದಮ್ಮ. ಅರ್ಧಕ್ಕೆ ನಿಲ್ಲಿಸಬಾರದು."

ಓದಿದೆ. ಕಣ್ಣಲ್ಲಿ ನೀರು ತುಂಬಿ ಅಕ್ಷರ ಈಜ್ತಾ ಇದ್ದವು, ಆದರೂ ಓದಿದೆ. "ಹನ್ನೊಂದೂ ಐದರಿಂದ ಹನ್ನೊಂದೂಕಾಲು, ಕರಿದ ಬೂತಾಯಿ. ಪರಿಚಿತ ವ್ಯಕ್ತಿ, ಮನೆಯವರಲ್ಲ. ಸಾಬೂನು, ಬೆವರು, ಮೆಣಸು. ಎದೆಬಡಿತ ಜೋರು, ಹೆದರಿಕೆಯದ್ದಲ್ಲ, ಸಂತೋಷದ್ದು. ಹನ್ನೊಂದೂ ನಲ್ವತ್ತು, ಹಿತ್ತಿಲ ಮೆಟ್ಟಿಲು. ಬಿಸಿಲಿಗೆ ಕಾದ ಸಿಮೆಂಟು. ಹರಿವೆ ಸೊಪ್ಪು. ಅತ್ತೆಯ ಕಾಲು."

"ನನ್ನ ಪಾದದ ಮೇಲೆ ಮೂತಿ ಇಟ್ಟು ಮಲಗಿದ್ದ" ಅಂದರು ಅತ್ತೆ. "ನಾನು ಸೊಪ್ಪು ಬಿಡಿಸ್ತಾ ಇದ್ದೆ."

ಒಬ್ಬನೇ ಇರಲಿಲ್ಲ. ದೇವರೇ, ಅವನು ಒಬ್ಬನೇ ಇರಲಿಲ್ಲ.

ಉಸಿರಿನ ಗೆರೆ ನೋಡಿದೆ. ನಿಮಿಷಕ್ಕೆ ಇಪ್ಪತ್ತು, ಹದಿನೆಂಟು, ಹದಿನಾಲ್ಕು. ಎಲ್ಲೂ ಏರಿಲ್ಲ. ಎದೆಬಡಿತದ ಗೆರೆ ನೋಡಿದೆ. ಗಂಟಲಿಗೆ ಮುಳ್ಳು ಸಿಕ್ಕಿದ ನಾಯಿಯ ಗೆರೆ ಹೇಗಿರ್ತದೆ ಅಂತ ನನಗೆ ಗೊತ್ತುಂಟು, ನೂರು ನೋಡಿದ್ದೇನೆ. ಗರಗಸದ ಹಾಗೆ ಇರ್ತದೆ. ಇದು ಹಾಗಿರಲಿಲ್ಲ. ನಿದ್ದೆಯಲ್ಲೇ ಮೆಲ್ಲ ಮೆಲ್ಲ ಇಳಿದು, ಹನ್ನೆರಡೂ ಐವತ್ತೆರಡಕ್ಕೆ ನೆಲ ಮುಟ್ಟಿತ್ತು.

"ಅತ್ತೆ, ಮೀನಿನಿಂದ ಅಲ್ಲ" ಅಂದೆ. "ಮುಳ್ಳೂ ಅಲ್ಲ, ಏನೂ ಅಲ್ಲ. ಹಳೆಯ ಹೃದಯ, ನಿದ್ದೆಯಲ್ಲಿ ನಿಂತದ್ದು. ಅವನಿಗೆ ಗೊತ್ತೂ ಆಗಲಿಲ್ಲ. ಇದು ಸಕ್ಕರೆ ಅಲ್ಲ ಅತ್ತೆ, ಇಲ್ಲಿ ಬರೆದದ್ದು. ಬೇಕಾದರೆ ಇವಳನ್ನು ಕೇಳಿ."

"ಹೌದು ಅಜ್ಜಿ, ಬರೆದದ್ದೇ" ಅಂದಳು ರಮ್ಲತ್, ಮೂಗೊರೆಸಿಕೊಂಡು.

ಅತ್ತೆ ದೊಪ್ಪನೆ ಕೂತುಬಿಟ್ಟರು. ಇವರು ಓಡಿಹೋಗಿ ಹಿಡಿದುಕೊಂಡರು. ನೇಮಿರಾಜರು ನಗ್ತಾ ಇದ್ದರೋ ಅಳ್ತಾ ಇದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ಸೆವ್ರಿನ್ ಬಾಯಿ ಇರಬೇಕು. ಅಷ್ಟೇ, ಜಗಲಿಗೆ ಜಗಲಿಯೇ ನಗಲಿಕ್ಕೆ ಶುರು. ದೊಡ್ಡಪ್ಪನ ಊರುಗೋಲು ಕೈಜಾರಿ ಬಿತ್ತು. ಮೂರು ವರ್ಷ, ಇಂಥ ಮಡಿವಂತರ ಮನೆಯಲ್ಲಿ, ಎಲ್ಲರ ಮೂಗಿಗೂ ಮಣ್ಣು ಹಾಕಿ ದಿನಕ್ಕೆ ಎರಡು ಬೂತಾಯಿ! ನಾನು ಅವನ ಫೋಟೋ ನೋಡಿ, "ಕಳ್ಳ, ಕಳ್ಳ ನನ್ಮಗನೇ" ಅಂತ ಹೇಳ್ತಾ ಹೇಳ್ತಾ ಅತ್ತುಬಿಟ್ಟೆ.

*

ಎಲೆ ಹಾಕುವಾಗ ರಮ್ಲತ್ ನನ್ನ ಹತ್ತಿರ ಬಂದು ನಿಂತಳು. "ನಿಮ್ಮ ಮನೆಯಲ್ಲಿ ನಿಂತು ಮೀನು ಅಂತ ಹೇಳುವುದು ಹೇಗೆ ಅಕ್ಕ? ಅದಕ್ಕೇ ಸಕ್ಕರೆ ಹಾಕಿದೆ. ಬೇಜಾರು ಮಾಡಬೇಡಿ."

"ನೀನು ಮೀನು ಅಂತ ಹೇಳಿದ್ದರೆ ನಾನು ಆಗಲೇ ನಂಬ್ತಿದ್ದೆ ಮಾರಾಯ್ತಿ. ಜೈನರ ಜಗಲಿಯಲ್ಲಿ ನಿಂತು ಯಾರಾದರೂ ಬೂತಾಯಿ ಅಂತ ಸುಳ್ಳು ಹೇಳ್ತಾರಾ?" ಅಂದೆ. "ನಾಳೆಯಿಂದ ನಾವಿಬ್ಬರೂ ಬರೆದದ್ದನ್ನೇ ಓದುವುದು."

ಅವಳು ಎಲೆಗೆ ಉಪ್ಪು ಬಡಿಸುತ್ತಾ ಯೋಚನೆ ಮಾಡಿದಳು. "ಎಲ್ಲ ಮನೆಯಲ್ಲೂ ಹೀಗೆ ನಗು ಬರುವುದಿಲ್ಲ ಅಲ್ವಾ ಅಕ್ಕ? ಆ ಲಾರಿಯವನ ಹಾಗೆ ಇನ್ನೊಬ್ಬ ಬಂದರೆ?"

"ಬಂದಾಗ ನೋಡುವ" ಅಂದೆ.

ನೆಂಟರು ಊಟಕ್ಕೆ ಕೂತ ಮೇಲೆ ಒಳಗೆ ಅತ್ತೆಯ ಪಕ್ಕ ಹೋಗಿ ಕೂತೆ. ಅವರು ನನ್ನ ಕೈಯಲ್ಲಿದ್ದ ಸುರುಳಿ ನೋಡಿದರು.

"ನಿನ್ನ ಹೆಸರು ಅದರಲ್ಲಿ ಬರಲೇ ಇಲ್ಲ ಅಲ್ವಾ?" ಅಂದರು.

"ಬೆಳಗಿನ ಜಾವದ್ದು ಬಿಟ್ಟರೆ ಒಂದು ಸಲ ಉಂಟು ಅತ್ತೆ. ಎಂಟೂ ನಲ್ವತ್ತಮೂರು. ನನ್ನ ಕಾಲು, ದೂಡಿದ್ದು. ಆಮೇಲೆ ಇಡೀ ದಿನದಲ್ಲಿ ಇಲ್ಲ. ಒಂದು ಸಲವೂ ನನ್ನನ್ನು ಹುಡುಕಲಿಲ್ಲ." ಹೇಳುವಾಗ ಒಳಗೆ ಸಣ್ಣದೊಂದು ನೋವು ಎದ್ದದ್ದು ನಿಜ. ಹುಡುಕಿ ಹುಡುಕಿ ಸತ್ತ ಅಂತ ಹನ್ನೊಂದು ದಿನ ಅತ್ತವಳಿಗೆ, ಹುಡುಕಲೇ ಇಲ್ಲ ಅಂತ ಗೊತ್ತಾದಾಗ ಒಂದು ಚಿಟಿಕೆ ಹೊಟ್ಟೆಕಿಚ್ಚು! ಮನುಷ್ಯರ ಬುದ್ಧಿ.

ಅತ್ತೆ ನನ್ನನ್ನು ಒಂದು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಹನ್ನೆರಡು ವರ್ಷ ದಿನಾ ನಾಲ್ಕು ಗಂಟೆಗೆ ಬಂದವಳು ನೀನು. ನಾಲ್ಕಕ್ಕೆ ಬರ್ತಿ ಅಂತ ಅವನಿಗೆ ಗೊತ್ತಿತ್ತು" ಅಂದರು. "ಬಂದೇ ಬರುವವರನ್ನು ಯಾರಾದರೂ ಹುಡುಕ್ತಾರಾ ಮಗಾ?"

ನಾನು ಅವರ ಮಡಿಲಿನಲ್ಲಿ ತಲೆ ಇಟ್ಟೆ. ಎಷ್ಟು ಹೊತ್ತು ಅಂತ ನೆನಪಿಲ್ಲ. ಇವರು ಬಾಗಿಲಲ್ಲಿ ನಿಂತು, ಸೂರ್ಯ ಮುಳುಗಲಿಕ್ಕೆ ಇನ್ನು ಅರ್ಧ ಗಂಟೆ ಮಾತ್ರ, ಬೇಗ ಬನ್ನಿ ಅಂತ ಕರೆದರು. ಮುಖ ತೊಳೆದುಕೊಂಡು ಅತ್ತೆಯ ಜೊತೆ ಎಲೆಯ ಮುಂದೆ ಕೂತೆ. ಅನ್ನ, ಸಾರು, ಹೆಸರುಬೇಳೆ ಪಾಯಸ. ಎಲ್ಲ ಬಡಿಸಿಕೊಂಡು ಹಸಿದವಳ ಹಾಗೆ ಉಂಡೆ, ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡೆ.